ತೂಕದ ಮನೆಯ ನಂಬರು

ಇಮಾಮ್ ಕಾಕಾರ ನೆನಪು ಮಂಕಾಯಿತೆಂದು ಪೇಟೆಯೇ ನಂಬುವಂತೆ ಮಾಡಿದವಳು ನಾನು. ಕಾಕಾರೂ ನಂಬಿದರು. ಎರಡು ವರ್ಷ ಈ ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ.

ನರಗುಂದದ ಕಾಳಿನ ವರ್ತಕರ ಸಂಘಕ್ಕೆ ನಾನು ಕಂಪ್ಯೂಟರ್ ನೋಡಿಕೊಳ್ಳಲು ಬಂದಾಗ ಕಾಕಾ ಅಲ್ಲಿಯ ಹಳೆಯ ಗುಮಾಸ್ತರು. ಅಂಗಡಿ, ಗೋದಾಮು, ತೂಕದ ಮನೆ — ಎಲ್ಲ ಕಂಪ್ಯೂಟರುಗಳೂ ಒಂದೇ ಜಾಲದಲ್ಲಿ. ಒಂದೊಂದಕ್ಕೆ ಒಂದೊಂದು ಉದ್ದನೆಯ ನಂಬರು; ಅದನ್ನು ಬರೆದರೇ ಆ ಕಂಪ್ಯೂಟರು ಸಿಗುವುದು. ಅಷ್ಟೂ ಕಾಕಾರಿಗೆ ಬಾಯಿಪಾಠ. "ಕಾಕಾ, ತೂಕದ ಮನಿ ನಂಬರ್ ಹೇಳ್ರಿ" ಎಂದು ವರ್ತಕರು ಫೋನ್ ಮಾಡಿದರೆ ಚಹಾ ಕುಡಿಯುತ್ತಲೇ ಹೇಳಿಬಿಡುತ್ತಿದ್ದರು.

ನಾನು ಮಹಾ ಜಾಣೆ — ನೇಮ್ ಸರ್ವರ್ ಕೂರಿಸಿದೆ. ಇನ್ನು ಬರೀ ಹೆಸರು ಬರೆದರೆ ಸಾಕು. ಆ ಹೆಸರಿನ ನಂಬರು ಯಾವುದೆಂದು ಸರ್ವರೇ ತನ್ನ ಪಟ್ಟಿ ನೋಡಿ ತಿಳಿಸುತ್ತದೆ. ಎಲ್ಲರೂ ಭೇಷ್ ಅಂದರು. ಹಾಗಂದವರೇ ಮತ್ತೆ ಕಾಕಾರಿಗೇ ಫೋನ್ ಮಾಡಿದರು! ಅವರ ದನಿ ಕೇಳದೆ ಯಾರ ವ್ಯಾಪಾರವೂ ಶುರುವಾಗುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚು. ಬೇರೇನೂ ಅಲ್ಲ.

ಒಂದು ಬೆಳಿಗ್ಗೆ ತೂಕದ ಮನೆಯ ನಂಬರನ್ನೇ ಬದಲಿಸಿದೆ. ಸರ್ವರಿನ ಪಟ್ಟಿ ತಿದ್ದಿದೆ. ಕಾಕಾರಿಗೆ ಮಾತ್ರ ಹೇಳಲಿಲ್ಲ. ಹೆಸರು ಬರೆದರೆ ತೂಕದ ಮನೆ ಸಿಗುತ್ತಿತ್ತು; ಅವರು ಹೇಳಿದ ಹಳೆಯ ನಂಬರಿನಿಂದ ಉತ್ತರವೇ ಬರಲಿಲ್ಲ. "ಕಾಕಾಗ ವಯಸ್ಸಾತ್ ಬಿಡ್ರಿ" ಎಂದು ಹರಾಜುಕಟ್ಟೆಯಲ್ಲಿ ಎಲ್ಲರೂ ನಕ್ಕರು. ಕಾಕಾ ತಾವೂ ನಕ್ಕರು, ಆದರೆ ಅಂದಿನಿಂದ ನಂಬರು ಹೇಳುವುದನ್ನೇ ಬಿಟ್ಟರು. ಮೊಮ್ಮಗಳನ್ನು ಕರೆಯುವಾಗಲೂ ಹೆಸರಿಗಾಗಿ ಒಂದು ಗಳಿಗೆ ತಡವರಿಸುತ್ತಿದ್ದರು — ಅದನ್ನು ನೋಡಿಯೂ ನಾನು...

ನಿನ್ನೆ ಚಹಾದಂಗಡಿಯಲ್ಲಿ ಅವರ ಮುಂದೆ ಬಾಯಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಕಾಕಾ ಕಣ್ಣು ಮುಚ್ಚಿ ಹಳೆಯ ನಂಬರುಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿದರು, ಒಂದೂ ತಪ್ಪಿಲ್ಲದೆ! ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. "ಅಂದ್ರ ನನ್ನ ತಲಿ ಚಲೋನ ಐತಿ! ಎರಡ ವರ್ಷ ಭಾಳ ಅಂಜಿಸಿದಿ ನೋಡ ತಂಗಿ. ಇರ್ಲಿ, ಹೊಸಾ ನಂಬರ್ ಹೇಳು."

ಚೀಟಿ ನೋಡಿ ಹೇಳಿದೆ. ಅವರು ಒಮ್ಮೆ ಕೇಳಿ ಹಾಗೆಯೇ ಒಪ್ಪಿಸಿದರು. ಖುಷಿಗೆ ನನ್ನ ಕಣ್ಣು ತುಂಬಿತು.

"ಮಂದಿಗೆಲ್ಲಾ ಹೇಳಾಕ ಹೋಗಬ್ಯಾಡ, ನೌಕರಿ ಹೋದೀತು" ಎಂದರು. ಹೋದರೆ ಹೋಗಲಿ. ನಾಳೆ ಹರಾಜಿಗೆ ಮುಂಚೆ, ಅಂದು ನಕ್ಕವರೆಲ್ಲ ಕಟ್ಟೆಯ ಮುಂದೆ ನಿಂತಿರುವಾಗ, ಇದನ್ನೆಲ್ಲ ಬರೆದ ಈ ಹಾಳೆಯನ್ನು ಗಟ್ಟಿಯಾಗಿ ಓದುತ್ತೇನೆ.