ಗೆದ್ದೆವೆಂದು ಕತ್ತರಿಸಿದ ಬ್ಯಾನರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಅಂಗಡಿಗಳೆಲ್ಲ ಬಾಗಿಲು ಹಾಕಿವೆ. ಒಂದೇ ಒಂದು ಶಟರ್ ಅರ್ಧಕ್ಕೆ ಎದ್ದಿದೆ. ಬಗ್ಗಿ ಒಳಗೆ ಹೋದರೆ ಇಸ್ತ್ರಿಯ ಬಿಸಿ, ಯಂತ್ರದ ಎಣ್ಣೆಯ ವಾಸನೆ. ಟ್ಯೂಬ್‌ಲೈಟಿನ ಕೆಳಗೆ ಟೈಲರಣ್ಣ ಯಾರದೋ ಅಡುಗೆಮನೆಯ ಹಳದಿ ಪರದೆಯೊಂದನ್ನು ತೊಡೆಯ ಮೇಲೆ ಹರಡಿಕೊಂಡು, ಅರ್ಧ ಬ್ಲೇಡಿನಿಂದ ಅದರ ಅಂಚು ಬಿಚ್ಚುತ್ತಿದ್ದಾರೆ. ಒಂದೊಂದೇ ಎಳೆ, ಬಟ್ಟೆಗೆ ಗೀರು ಬೀಳದ ಹಾಗೆ. ಹೊಲಿಗೆ ಅವರೇ ಹಾಕಿದ್ದು.

"ನಿಮ್ಮ ಹೊಲಿಗೆ ಬಿಚ್ಚಲ್ಲ ಅಂತ ಗಿರಾಕಿಗಳು ಹೇಳ್ತಿದ್ರು, ಸುಮ್ನೆ ಹೊಗಳ್ತಾರೆ ಅಂದ್ಕೊಂಡಿದ್ದೆ. ಈಗ ನಂಬಿಕೆ ಬಂತು," ಎನ್ನುತ್ತಾರೆ ತಲೆ ಎತ್ತದೆ.

ಈ ಹಳದಿ ಬಟ್ಟೆ ಪರದೆಯಾಗುವುದಕ್ಕೆ ಮೊದಲು ಒಂದು ಬ್ಯಾನರಿನ ಭಾಗವಾಗಿತ್ತು. ಈ ಊರಿನಲ್ಲಿ ಸಲಿಂಗಿಗಳ ಹಕ್ಕಿಗಾಗಿ ಮೆರವಣಿಗೆ ನಡೆದಾಗಲೆಲ್ಲ ಮುಂದೆ ಹೋಗುತ್ತಿದ್ದ ಬ್ಯಾನರ್ ಅದು. ಆರು ಬಣ್ಣ, ರಸ್ತೆಯ ಅಗಲಕ್ಕೂ ಬರುವಷ್ಟು ಉದ್ದ. ಪತ್ರಿಕೆಗಳಲ್ಲಿ ನೀವೂ ಅದರ ಚಿತ್ರ ನೋಡಿರುತ್ತೀರಿ. ಹಿಡಿದವರ ಮುಖ ನೋಡಿದ್ದೇವೆ, ಬರೆದ ಘೋಷಣೆ ಓದಿದ್ದೇವೆ. ಹೊಲಿದವರು ಯಾರೆಂದು ಯಾರೂ ಕೇಳಿಲ್ಲ. ಹೊಲಿದವರು ಟೈಲರಣ್ಣ. ಅದನ್ನು ತುಂಡು ತುಂಡಾಗಿ ಕತ್ತರಿಸಿದವರೂ ಅವರೇ. ಈಗ ಮನೆಮನೆಗೆ ಹೋಗಿ ಆ ತುಂಡುಗಳನ್ನೆಲ್ಲ ವಾಪಸ್ ತಂದು ಮತ್ತೆ ಜೋಡಿಸುತ್ತಿರುವವರೂ ಅವರೇ.

ಕತ್ತರಿಸಿದ್ದು ಯಾಕೆಂದು ಹೇಳುವ ಮೊದಲು ಅವರ ಮನೆಯ ವಿಷಯ ಹೇಳಬೇಕು.

ಅಂಗಡಿಯ ಮೇಲೆಯೇ ಮನೆ. ಅಲ್ಲಿ ಅವರ ಜೊತೆ ಇರುವವರು ಡ್ರೈವರ್. ಜೀವಮಾನವಿಡೀ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಯೌವನದಲ್ಲಿ ಒಮ್ಮೆ ತೋಳು ಹರಿದ ಸಮವಸ್ತ್ರ ಹಿಡಿದು ಈ ಅಂಗಡಿಗೆ ಬಂದಿದ್ದರಂತೆ. "ಅಂಗಿ ತಗೊಂಡು ಹೋಗೋಕೆ ಬಂದವನು ಆಮೇಲೆ ಹೋಗಲೇ ಇಲ್ಲ," ಎಂದು ನಗುತ್ತಾರೆ ಮೂಲೆಯಲ್ಲಿ ಕಾಜಾ ಹಾಕುತ್ತಾ ಕುಳಿತ ಟೈಲರಣ್ಣನ ಅಕ್ಕ. ಇಬ್ಬರೂ ಒಟ್ಟಿಗೆ ಇದ್ದಾರೆಂಬ ಸುದ್ದಿ ಹಬ್ಬಿದಾಗ ಶಾಲೆಯ ಸಮವಸ್ತ್ರದ ಗುತ್ತಿಗೆ ಕೈತಪ್ಪಿತು, ನೆಂಟರ ಓಡಾಟ ನಿಂತಿತು. ಅಕ್ಕನೂ ಮುನಿಸಿಕೊಂಡು ದೂರ ಇದ್ದರು. ಬಹಳ ಕಾಲವೇನೂ ಅಲ್ಲ. ಒಂದು ದಿನ ಸೂಜಿದಾರದ ಡಬ್ಬಿ ಹಿಡಿದು ತಾವಾಗಿಯೇ ಬಂದು ಕುಳಿತರು. ತಮ್ಮನ ಕಾಜಾ ಯಾವತ್ತೂ ಸೊಟ್ಟ, ನೋಡೋಕಾಗ್ತಿರ್ಲಿಲ್ಲ ಎಂಬುದು ಅವರು ಕೊಡುವ ಕಾರಣ. ಬೇರೆ ಕಾರಣ ಅವರೂ ಹೇಳುವುದಿಲ್ಲ, ತಮ್ಮನೂ ಕೇಳುವುದಿಲ್ಲ.

ಈಗ ಡ್ರೈವರ್ ಅವರ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರದಲ್ಲಿ ಮೂರು ದಿನ ಆಸ್ಪತ್ರೆಯ ಯಂತ್ರಕ್ಕೆ ತೋಳು ಒಡ್ಡಿ ಮಲಗಬೇಕು. ಬೇರೆ ಕಿಡ್ನಿ ಹಾಕಿಸಿದರೆ ಬದುಕು ಹಗುರಾಗುತ್ತದೆ. ಒಡಹುಟ್ಟಿದ ಅಣ್ಣನ ರಕ್ತ ಹೊಂದಲಿಲ್ಲ. ಟೈಲರಣ್ಣನದು ಹೊಂದಿತು.

"ಡಾಕ್ಟರೇ ಖುಷಿಯಿಂದ ಓಡಿ ಬಂದು ಹೇಳಿದ್ರು. ಆಮೇಲೆ ಕೇಳಿದ್ರು, ನೀವು ಇವರಿಗೆ ಏನಾಗಬೇಕು ಅಂತ. ನಾನು, ಇವರು ನಮ್ಮನೆಯವರು ಅಂದೆ. ಅವರಿಗೆ ಅರ್ಥ ಆಯ್ತು, ಒಳ್ಳೇ ಮನುಷ್ಯ. ಆದ್ರೆ ಕಾನೂನಿಗೆ ಅರ್ಥ ಆಗ್ಬೇಕಲ್ಲ."

ಇಲ್ಲಿನ ಕಾನೂನಿನ ಪ್ರಕಾರ ರಕ್ತಸಂಬಂಧಿಗಳು ಅಥವಾ ಗಂಡ ಹೆಂಡತಿ ಮಾತ್ರ ಕಿಡ್ನಿ ಕೊಡಬಹುದು. ಆಸ್ಪತ್ರೆಯ ಸಮಿತಿಯ ಮುಂದೆ ಇಬ್ಬರೂ ಹೋಗಿ ಕುಳಿತು ಬಂದರು. ಸಮಿತಿಯವರು ಮರ್ಯಾದೆಯಿಂದಲೇ ಮಾತಾಡಿಸಿದರು, ಕೊನೆಗೆ ಟೈಲರಣ್ಣನನ್ನು 'ಸ್ನೇಹಿತ' ಎಂದು ಕರೆದು ಕೈಚೆಲ್ಲಿದರು. ಇವರಿಗೆ ಉಳಿದ ದಾರಿ ಒಂದೇ, ಇಂಥ ಜೋಡಿಗಳನ್ನೂ ಸಂಗಾತಿಗಳೆಂದು ನೋಂದಾಯಿಸಿ ಗಂಡ ಹೆಂಡತಿಯ ಹಕ್ಕು ಕೊಡುವ ಕಾಯ್ದೆ. ಮೆರವಣಿಗೆ ನಡೆಸುವ ಇವರ ಬಳಗದವರು ಎಷ್ಟೋ ವರ್ಷಗಳಿಂದ ಬೀದಿಗಿಳಿದು ಕೇಳುತ್ತಿರುವುದು ಅದನ್ನೇ.

ಕಳೆದ ಚುನಾವಣೆಯಲ್ಲಿ ಒಂದು ಪಕ್ಷ ಅದನ್ನು ಕೊಡುತ್ತೇವೆ ಎಂದಿತು. ಬಾಯಿಮಾತಲ್ಲ, ಪ್ರಣಾಳಿಕೆಯಲ್ಲೇ ಅಚ್ಚು ಹಾಕಿಸಿತು. ಆ ಪಕ್ಷದ ಟಿಕೆಟ್ ಪಡೆದವರಲ್ಲಿ ಒಬ್ಬರು ಬಳಗಕ್ಕೆ ಮನೆಯವರಂತಿದ್ದ ವಕೀಲಮ್ಮ. ಮೆರವಣಿಗೆಗಳಲ್ಲಿ ಬ್ಯಾನರಿನ ಬಲತುದಿ ಹಿಡಿಯುತ್ತಿದ್ದವರು, ಲಾಠಿ ಬೀಸಿದಾಗಲೂ ಬಿಡದವರು. ಟೈಲರಣ್ಣ ಅವರ ಪ್ರಚಾರಕ್ಕೆ ಬಾವುಟ ಹೊಲಿದರು, ಅಕ್ಕ ಬೀದಿ ಬೀದಿ ಸುತ್ತಿ ಮತ ಕೇಳಿದರು. ಪಕ್ಷ ಗೆದ್ದಿತು. ಹೊಸ ಸರ್ಕಾರದ ಮುಖ್ಯಸ್ಥರು ಮೊದಲ ಅಧಿವೇಶನದಲ್ಲೇ ಕಾಯ್ದೆ ತರುತ್ತೇವೆಂದು ವೇದಿಕೆ ಮೇಲೆ ನಿಂತು ಘೋಷಿಸಿದರು. ವಕೀಲಮ್ಮ ಮಂತ್ರಿಯಾದರು.

ಆ ಸಂಜೆ ಬಳಗದವರೆಲ್ಲ ಈ ಪುಟ್ಟ ಅಂಗಡಿಯಲ್ಲಿ ತುಂಬಿದ್ದರಂತೆ. ಅಳುವವರು, ನಗುವವರು, ಎರಡೂ ಒಟ್ಟಿಗೆ ಮಾಡುವವರು. ಬಳಗದ ಕಾರ್ಯದರ್ಶಿ, ಶಾಲೆಯೊಂದರ ಮೇಷ್ಟ್ರು, ಇನ್ನು ಈ ಬ್ಯಾನರಿಗೆ ಕೆಲಸವೇ ಇಲ್ಲವಲ್ಲ ಎಂದರು. ಟೈಲರಣ್ಣನಿಗೆ ಅಷ್ಟು ಸಾಕಾಯಿತು. ಬ್ಯಾನರನ್ನು ಮೇಜಿನ ಮೇಲೆ ಹಾಸಿ ದೊಡ್ಡ ಕತ್ತರಿ ತೆಗೆದರು. ಎಲ್ಲರ ಮನೆಯಲ್ಲೂ ಒಂದೊಂದು ತುಂಡು ಇರಲಿ ಎಂಬ ಆಸೆ. ಒಬ್ಬರಿಗೆ ಪರದೆ, ಒಬ್ಬರಿಗೆ ದಿಂಬಿನ ಚೀಲ, ಒಬ್ಬರಿಗೆ ಮೇಜಿನ ಹಾಸು, ಮಗು ಸಾಕುತ್ತಿದ್ದ ಇಬ್ಬರು ಗೆಳತಿಯರಿಗೆ ಮಗುವಿನ ಹೊದಿಕೆ. ವಾರವಿಡೀ ಕೂತು ಹೊಲಿದು ಹಂಚಿದರು. ನೇರಳೆ ಬಣ್ಣದ ಬಲತುದಿಯನ್ನು ಅಂಚು ಕಟ್ಟಿ, ಇಸ್ತ್ರಿ ಮಾಡಿ, ಮಂತ್ರಿಯಾದ ವಕೀಲಮ್ಮನಿಗೆ ಕೊಟ್ಟರು.

ಬೇಡ ಅಂದವರು ಡ್ರೈವರ್ ಒಬ್ಬರೇ. "ಬಸ್ಸು ನಿಲ್ಲೋಕೆ ಮುಂಚೆ ಇಳಿಯೋ ಜಾತಿ ಇವನು," ಎಂದು ಅವರು ಮಹಡಿಯ ಮೇಲಿಂದಲೇ ಇವತ್ತಿಗೂ ಆಡಿಕೊಳ್ಳುತ್ತಾರೆ. "ಕಾಯ್ದೆ ಅಚ್ಚಾಗಲಿ ಕಣೋ, ಆಮೇಲೆ ಕತ್ತರಿಸು ಅಂದೆ. ಕೇಳ್ಬೇಕಲ್ಲ."

ಟೈಲರಣ್ಣ ಹಳದಿ ಪರದೆಯಿಂದ ಇನ್ನೊಂದು ಎಳೆ ಎಳೆಯುತ್ತಾರೆ.

ಮೊದಲ ಅಧಿವೇಶನ ಬಂತು, ಹೋಯಿತು. ಕಾಯ್ದೆಯ ಸುದ್ದಿಯಿಲ್ಲ. ಎರಡನೆಯದರಲ್ಲಿ ಉಪಸಮಿತಿಯೊಂದನ್ನು ಮಾಡಿದರು. ಮಿತ್ರಪಕ್ಷದವರಿಗೆ ಇಷ್ಟವಿಲ್ಲವಂತೆ, ನಗರಸಭೆ ಚುನಾವಣೆ ಮುಗಿಯಬೇಕಂತೆ, ಜನ ಇನ್ನೂ ತಯಾರಿಲ್ಲವಂತೆ. ಅಂತೆಕಂತೆಗಳಲ್ಲಿ ಒಂದು ವರ್ಷ ಕಳೆಯಿತು. ವಿರೋಧಿಗಳು ಗೆದ್ದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ ಎನ್ನುತ್ತಾರೆ ಮೇಷ್ಟ್ರು. ಬೈಯುವುದಕ್ಕೂ ಬಾಯಿ ಬರುವುದಿಲ್ಲವಂತೆ, ನಮ್ಮವರೇ ಅಲ್ಲವೇ ಎಂದು. ಕೊನೆಗೆ ಬಳಗದವರು ಸಭೆ ಸೇರಿ, ಬರುವ ಅಧಿವೇಶನದ ಮೊದಲ ದಿನ ಮತ್ತೆ ಮೆರವಣಿಗೆ ಎಂದು ತೀರ್ಮಾನಿಸಿದರು. ಬ್ಯಾನರ್ ಎಲ್ಲಿ ಎಂದು ಯಾರೋ ಕೇಳಿದಾಗ ಎಲ್ಲರೂ ಟೈಲರಣ್ಣನ ಕಡೆ ನೋಡಿದರು.

ಹೊಸ ಬಟ್ಟೆ ತಂದು ಹೊಲಿದರೆ ಎರಡು ದಿನದ ಕೆಲಸ. ಅವರು ಒಪ್ಪಲಿಲ್ಲ. "ಹೊಸದು ಹಿಡ್ಕೊಂಡು ಹೋದ್ರೆ ಹೊಸದಾಗಿ ಏನೋ ಕೇಳೋಕೆ ಬಂದಿದ್ದಾರೆ ಅಂದ್ಕೋತಾರೆ. ನಾವು ಕೇಳ್ತಿರೋದು ಹಳೇದನ್ನೇ. ಕೊಡ್ತೀವಿ ಅಂದಿದ್ದನ್ನೇ. ಅದಕ್ಕೆ ಹಳೇ ಬಟ್ಟೆನೇ ಸರಿ."

ಅಂದಿನಿಂದ ಇದೇ ದಿನಚರಿ. ಬೆಳಗಿನ ಜಾವ ಬ್ಯಾನರಿನ ಕೆಲಸ, ಡ್ರೈವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ ಮಧ್ಯಾಹ್ನದವರೆಗೆ ಅಲ್ಲೇ, ಆಮೇಲೆ ಗಿರಾಕಿಗಳ ಪ್ಯಾಂಟು ಷರಟು. ಸಂಜೆ ತುಂಡು ಕೇಳಲು ಮನೆಮನೆಗೆ. ಕೊಟ್ಟದ್ದನ್ನು ವಾಪಸ್ ಕೇಳುವುದು ಮುಜುಗರದ ಕೆಲಸ. ಮೇಜಿನ ಹಾಸಿನ ಮೇಲೆ ಸಾರಿನ ಕಲೆ, ಪರದೆಗೆ ಒಗ್ಗರಣೆಯ ಜಿಡ್ಡು. ಮಗು ಹೊದಿಕೆ ಬಿಡಲು ಒಪ್ಪದೆ ಹಟ ಹಿಡಿಯಿತು. ಟೈಲರಣ್ಣ ಹೂವಿನ ಬಟ್ಟೆಯ ಇನ್ನೊಂದು ಹೊದಿಕೆ ಹೊಲಿದುಕೊಂಡು ಹೋದರು. ಮಗು ಅದನ್ನು ಹೊದ್ದು, ಮುಖ ಮುಚ್ಚಿ, ಕಾಲು ಚಾಚಿ ಪರೀಕ್ಷೆ ಮಾಡಿದ ಮೇಲೆಯೇ ಹಳೆಯದು ಕೈಗೆ ಬಂತು. ಪ್ರತಿ ಜೋಡಣೆಗೂ ಎರಡೂ ಕಡೆಯ ಬಟ್ಟೆ ಒಂದಿಷ್ಟು ಒಳಗೆ ಮಡಚಿಹೋಗುತ್ತದೆ. ಹಾಗಾಗಿ ಬ್ಯಾನರ್ ಈಗ ಮೊದಲಿಗಿಂತ ಗಿಡ್ಡ.

ಬಗ್ಗಿ ಬಗ್ಗಿ ಟೈಲರಣ್ಣನ ಸೊಂಟ ಹಿಡಿದುಕೊಂಡಿದೆ. ಎದ್ದು ನಿಲ್ಲಬೇಕಾದರೆ ಮೇಜಿನ ಆಸರೆ ಬೇಕು. ನೋವಿನ ಮಾತ್ರೆ ನುಂಗೋ ಎಂದು ಅಕ್ಕ ಗದರುತ್ತಾರೆ. ಟೈಲರಣ್ಣ ಮುಟ್ಟುವುದಿಲ್ಲ. ಆ ಮಾತ್ರೆಗಳು ಕಿಡ್ನಿಗೆ ಒಳ್ಳೆಯದಲ್ಲ ಎಂದು ಡಾಕ್ಟರ್ ಒಮ್ಮೆ ಹೇಳಿದ್ದರಂತೆ. ನಿಮ್ಮ ಕಿಡ್ನಿಗೇನೂ ಆಗಿಲ್ಲವಲ್ಲ ಎಂದು ಕೇಳಿದೆ.

"ಎರಡರಲ್ಲಿ ಒಂದು ಅವನದು," ಎಂದರು. "ನನ್ನ ಹತ್ರ ಇಟ್ಕೊಂಡಿದ್ದೀನಿ ಅಷ್ಟೆ. ಹಾಳು ಮಾಡಿ ಕೊಡೋಕಾಗತ್ತಾ?"

ಎಲ್ಲ ತುಂಡುಗಳೂ ಬಂದವು, ಒಂದು ಬಿಟ್ಟು. ನೇರಳೆ ಬಲತುದಿ ಮಂತ್ರಿಗಳ ಕಚೇರಿಯಲ್ಲಿದೆ. ಟೈಲರಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಲ್ಲಿಗೂ ಹೋದರು. ಮಂತ್ರಿಗಳು ಕಾಯಿಸಲಿಲ್ಲ. ಎದ್ದು ಬಂದು, ಅಣ್ಣಾ ಎಂದು ಕೈಹಿಡಿದು ಕೂರಿಸಿ, ಡ್ರೈವರ್ ಅವರ ಆರೋಗ್ಯ ವಿಚಾರಿಸಿ, ಟೀ ತರಿಸಿದರು. ಅವರ ಕುರ್ಚಿಯ ಹಿಂದಿನ ಗೋಡೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಆ ತುಂಡು ಇತ್ತು. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಮನಸ್ಸು ಬದಲಾಗಿಲ್ಲ, ಸಮಯ ಕೂಡಿ ಬರಬೇಕು, ಇನ್ನೊಂದು ವರ್ಷ ತಾಳಿ ಎಂದು ಮಂತ್ರಿಗಳು ಹೇಳಿದರು. ಟೈಲರಣ್ಣ ಎಲ್ಲ ಕೇಳಿಸಿಕೊಂಡು, ಟೀ ಮುಗಿಸಿ, ಬಟ್ಟೆ ಕೇಳಿದರು.

ಮಂತ್ರಿಗಳು ಗೋಡೆಯ ಕಡೆ ತಿರುಗಿ ನೋಡಿದರಂತೆ. ಅದು ಇಲ್ಲಿದ್ದರೆ ನನಗೆ ನಿಮ್ಮೆಲ್ಲರ ನೆನಪಿರುತ್ತದೆ ಅಣ್ಣಾ ಎಂದರಂತೆ.

"ನಾನು ಅಂದೆ, ನೆನಪಿಗೆ ಅಂತ ಕೊಟ್ಟಿದ್ದಲ್ಲಮ್ಮಾ, ಗೆದ್ವಿ ಅಂತ ಕೊಟ್ಟಿದ್ದು. ಗೆದ್ದಿಲ್ಲ ಅಂದ್ಮೇಲೆ ವಾಪಸ್ ಕೊಡ್ಬೇಕಲ್ವಾ?"

ಅಷ್ಟರಲ್ಲಿ ಆಪ್ತ ಕಾರ್ಯದರ್ಶಿ ನಡುವೆ ಬಾಯಿ ಹಾಕಿದರು. ಚೌಕಟ್ಟು ಕಚೇರಿಯ ಸ್ವತ್ತಾಗಿ ದಾಖಲಾಗಿದೆ, ಹಾಗೆಲ್ಲ ಬಿಚ್ಚಿ ಕೊಡಲು ಬರುವುದಿಲ್ಲ ಎಂದರು. ಮಂತ್ರಿಗಳು ಮೇಜಿನ ಮೇಲಿನ ಕಾಗದ ನೋಡುತ್ತಾ ಕುಳಿತರು. ಟೈಲರಣ್ಣ ನಮಸ್ಕಾರ ಹೇಳಿ ಎದ್ದು ಬಂದರು. ಈ ವರದಿಗಾಗಿ ನಾನೂ ಆ ಕಚೇರಿಗೆ ಫೋನ್ ಮಾಡಿ, ಕಾಯ್ದೆ ಏನಾಯಿತು, ಬಟ್ಟೆ ಏನಾಯಿತು ಎಂದು ಎರಡನ್ನೂ ಕೇಳಿದೆ. ವಿಷಯ ಪರಿಶೀಲನೆಯಲ್ಲಿದೆ ಎಂಬ ಒಂದೇ ಉತ್ತರ ಬಂತು. ಯಾವ ವಿಷಯ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಸಿಟ್ಟು ಬರಲಿಲ್ಲವೇ ಎಂದು ಕೇಳಿದರೆ ಟೈಲರಣ್ಣ, ಬಂತು, ಬಸ್‌ಸ್ಟಾಪಿನವರೆಗೂ ಇತ್ತು ಎನ್ನುತ್ತಾರೆ. ಆಮೇಲೆ ಉಳಿದದ್ದು ಬೇಸರ. ಲಾಠಿಯ ದಿನ ಬ್ಯಾನರ್ ಬಿಡದೆಯೇ ತಮ್ಮನ್ನು ಎಳೆದುಕೊಂಡು ಓಡಿದ ಹೆಣ್ಣುಮಗಳು ಆಕೆ, ಕೆಟ್ಟವರು ಅಂತ ಹೇಗೆ ಹೇಳಲಿ ಎಂದು ನನ್ನನ್ನೇ ಕೇಳುತ್ತಾರೆ.

ಮೆರವಣಿಗೆ ನಾಳೆ. ಕೊನೆಯದಾಗಿ ಹಳದಿ ತುಂಡನ್ನೂ ಜೋಡಿಸಿ, ಬೆಳಕು ಹರಿದ ಮೇಲೆ ಬ್ಯಾನರನ್ನು ಬೀದಿಗೆ ತಂದು ಹಾಸುತ್ತಾರೆ. ಅಂಗಡಿಯೊಳಗೆ ಅದು ಹಿಡಿಸುವುದಿಲ್ಲ. ಸೈಕಲ್ಲಿನವರು ಇಳಿದು ಪಕ್ಕದಿಂದ ದಾಟುತ್ತಾರೆ. ಕಲೆಗಳು, ಜೋಡಣೆಯ ಗೆರೆಗಳು, ಬಿಸಿಲಿಗೆ ಮಾಸಿದ ಬಣ್ಣ ಒಂದು ಕಡೆ, ಮಾಸದ್ದು ಇನ್ನೊಂದು ಕಡೆ. ಬಲತುದಿಯಲ್ಲಿ ಕಿಟಕಿಯಷ್ಟು ದೊಡ್ಡ ಖಾಲಿ ಜಾಗ. ಮೇಷ್ಟ್ರು ಅಲ್ಲಿಗೆ ಬೇರೆ ನೇರಳೆ ಬಟ್ಟೆ ತಂದಿದ್ದರು. ಟೈಲರಣ್ಣ ಬೇಡವೆಂದು ಮಡಚಿ ಅವರ ಕೈಗೇ ಕೊಟ್ಟರು. ಖಾಲಿ ಜಾಗದ ಸುತ್ತ ಅಂಚು ಮಡಚಿ ಅಚ್ಚುಕಟ್ಟಾಗಿ ಹೊಲಿದಿದ್ದಾರೆ. ಇದೇನು ತೂತು ಎಂದು ಯಾರಾದರೂ ಕೇಳಿದರೆ ಹಿಡಿದವರು ಇದ್ದದ್ದು ಇದ್ದ ಹಾಗೆ ಹೇಳಲಿ, ಆ ತುಂಡು ಮಂತ್ರಿಗಳ ಗೋಡೆ ಮೇಲಿದೆ ಎಂದು.

ಡ್ರೈವರ್ ಮೆಟ್ಟಿಲಿಳಿದು ಬಂದು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕೈಯಲ್ಲಿ ಪುಟ್ಟ ಬಟ್ಟಲು. ಅವರ ಕಾಯಿಲೆಯಲ್ಲಿ ನೀರಿಗೂ ಅಳತೆ. ಗುಟುಕು ಗುಟುಕಾಗಿ ಇಡೀ ದಿನಕ್ಕೆ ಹೊಂದಿಸಿಕೊಳ್ಳಬೇಕು. ಒಂದು ಗುಟುಕು ಬಾಯಲ್ಲಿ ಹಿಡಿದುಕೊಂಡೇ ಬ್ಯಾನರನ್ನು ಈ ತುದಿಯಿಂದ ಆ ತುದಿಗೆ ನೋಡಿ, ನುಂಗಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸುತ್ತಾರೆ.

ಕಾಯ್ದೆ ಬಂದೇಬಿಟ್ಟರೆ ಈ ಸಲವೂ ಕತ್ತರಿಸಿ ಹಂಚುತ್ತೀರಾ ಎಂದು ನಾನು ತಮಾಷೆಗೆ ಕೇಳುತ್ತೇನೆ. ಟೈಲರಣ್ಣ ಸೊಂಟ ಹಿಡಿದುಕೊಂಡು ನಿಧಾನಕ್ಕೆ ನೆಟ್ಟಗಾಗುತ್ತಾರೆ.

"ಹಂಚ್ತೀನಿ. ಆದ್ರೆ ಕಾಯ್ದೆ ಬಂದ ದಿನ ಅಲ್ಲ. ಆಪರೇಷನ್ ಆಗ್ಬೇಕು, ಇವನು ಎದ್ದು ಕೂತು, ಒಂದು ದೊಡ್ಡ ಲೋಟದ ತುಂಬ ನೀರು ನನ್ನೆದುರಿಗೇ ಗಟಗಟ ಕುಡೀಬೇಕು. ಅಲ್ಲಿವರೆಗೂ ಕತ್ತರಿ ಮುಟ್ಟಲ್ಲ."