ಕ್ಲೌಡ್‌ನಲ್ಲಿ ಸಿಕ್ಕ ಮುಖ

ನಮ್ಮ ವಿಶ್ವವಿದ್ಯಾಲಯದ ದಾಖಲೆಗಳನ್ನೆಲ್ಲ ಕ್ಲೌಡ್‌ಗೆ ಸಾಗಿಸಬೇಕೆಂದು ತೀರ್ಮಾನವಾದಾಗ, ಯಾವ ಕಂಪೆನಿಯ ಸ್ಟೋರೇಜ್ ಒಳ್ಳೆಯದೆಂದು ನೋಡುವ ಕೆಲಸ ಇಬ್ಬರ ಮೇಲೆ ಬಿತ್ತು. ಒಬ್ಬರು ದಿನಾ ಮಾಣಿಯಿಂದ ಮೂಡುಬಿದಿರೆಗೆ ಬಂದು ಹೋಗುವ ಕಂಪ್ಯೂಟರ್ ಅಧ್ಯಾಪಕರು. ಇನ್ನೊಬ್ಬಳು ಇತಿಹಾಸ ಪಾಠ ಮಾಡುವ ನಾನು. ಪ್ರಯೋಗಕ್ಕೆಂದು ಎರಡು ಕಂಪೆನಿಗಳಲ್ಲಿ ಖಾತೆ ತೆರೆದೆವು. ಬೀರುಗಳಲ್ಲಿ ತುಂಬಿಕೊಂಡಿದ್ದ ನನ್ನ ವಿಭಾಗದ ಆಲ್ಬಮ್‌ಗಳಲ್ಲಿ ಒಂದಿಷ್ಟನ್ನು ಸ್ಕ್ಯಾನ್ ಮಾಡಿ, ಊರು, ವರ್ಷ ಎಂದು ಫೋಲ್ಡರ್ ವಿಂಗಡಿಸಿ ಎರಡಕ್ಕೂ ಏರಿಸಿದೆ.

ಮರುದಿನ ತೆರೆದು ನೋಡಿದರೆ ಒಂದು ಖಾತೆ ನಾನು ಹೇಳದ ಕೆಲಸವನ್ನೂ ಮಾಡಿಟ್ಟಿತ್ತು. ಫೋಟೋಗಳಲ್ಲಿದ್ದ ಮುಖಗಳನ್ನು ಹೆಕ್ಕಿ, ಒಬ್ಬೊಬ್ಬರದೂ ಒಂದೊಂದು ಗುಂಪು ಮಾಡಿತ್ತು. ನಿವೃತ್ತರಾದವರು, ತೀರಿಹೋದವರು ಎಲ್ಲರೂ ಪುಟ್ಟ ವೃತ್ತಗಳಲ್ಲಿ ಸಾಲಾಗಿ ನನ್ನನ್ನೇ ನೋಡುತ್ತಿದ್ದರು. ಆ ಸಾಲಿನಲ್ಲಿ ಒಬ್ಬ ಹೆಂಗಸು ನನಗೆ ಗೊತ್ತಿಲ್ಲದವಳು.

ಆಕೆಯ ಗುಂಪಿನಲ್ಲಿ ಮೂರು ಫೋಟೋಗಳಿದ್ದವು. ಮೊದಲನೆಯದರಲ್ಲಿ, ಹಿಂದೊಮ್ಮೆ ಬಂಟ್ವಾಳ ಪೇಟೆಗೆ ನೆರೆ ನುಗ್ಗಿದಾಗ, ಅಂಗಡಿಯೊಂದರ ಮಹಡಿಯ ಕಿಟಕಿಯಲ್ಲಿ ಮಗು ಎತ್ತಿಕೊಂಡು ನಿಂತಿದ್ದಳು. ಎರಡನೆಯದು ಅದಾಗಿ ಎಂಟೊಂಬತ್ತು ವರ್ಷದ ಮೇಲೆ ನಮ್ಮ ಗ್ರಂಥಾಲಯ ಉದ್ಘಾಟನೆಯಾದ ದಿನದ್ದು. ಊಟದ ಪಂಕ್ತಿಯ ಕೊನೆಯಲ್ಲಿ ನೀರಿನ ಕೊಡಪಾನ ಹಿಡಿದಿದ್ದಳು. ಮೂರನೆಯದು ಅದಾಗಿ ಇಪ್ಪತ್ತು ವರ್ಷದ ಮೇಲೆ, ನಾನು ಸೇರುವ ಮೊದಲು, ಮುಂಡಾಜೆಯ ಶಾಲೆಯೊಂದರಲ್ಲಿ ನಮ್ಮ ವಿಭಾಗ ನಡೆಸಿದ ಶಿಬಿರದ್ದು. ಇಷ್ಟು ವರ್ಷ ಸರಿದಿದ್ದರೂ ಮುಖಕ್ಕೆ ವಯಸ್ಸಾಗಿರಲಿಲ್ಲ. ಮೂರರಲ್ಲೂ ಆಕೆ ಒಂದೇ ರೀತಿ ತಲೆ ವಾಲಿಸಿ, ಕ್ಯಾಮೆರಾದತ್ತ ನೋಡುತ್ತಿದ್ದಳು.

ಯಂತ್ರಕ್ಕೆ ತಪ್ಪುವುದುಂಟು ಎಂದರು ಕಂಪ್ಯೂಟರ್ ಅಧ್ಯಾಪಕರು. ಆದರೆ ಅವರೂ ಮೂರು ಫೋಟೋಗಳನ್ನು ಪಕ್ಕಪಕ್ಕಕ್ಕಿಟ್ಟು ದೊಡ್ಡದು ಮಾಡಿ ನೋಡಿದರು.

ನನಗೆ ತಡೆಯಲಾಗಲಿಲ್ಲ. ಆ ಶನಿವಾರ ಫೋಟೋಗಳ ಪ್ರತಿ ತೆಗೆದುಕೊಂಡು ಬಂಟ್ವಾಳಕ್ಕೆ ಹೋದೆ. ಕಿಟಕಿ ಹಾಗೆಯೇ ಇತ್ತು. ಕೆಳಗಿನ ಬಟ್ಟೆ ಅಂಗಡಿಯ ಮುದುಕರು ಕನ್ನಡಕ ಹಾಕಿಕೊಂಡು ನೋಡಿದರು. ಅವಳ ಸಂಸಾರ ಮಹಡಿಯಲ್ಲಿ ಬಾಡಿಗೆಗಿತ್ತಂತೆ. ನೆರೆಯ ಎರಡನೇ ದಿನ ದೋಣಿ ಬಂದಾಗ ಮೊದಲು ಮಗುವನ್ನು ಇಳಿಸಿಕೊಟ್ಟಳಂತೆ. ಆಮೇಲೆ ತಾನು ಇಳಿಯುವಾಗ ನೀರಿಗೆ ಬಿದ್ದಳು.

"ಹೆಣ ಸಿಗಲಿಲ್ಲ" ಎಂದರು ಅವರು. "ಗಂಡ ಆಮೇಲೆ ಊರು ಬಿಟ್ಟ. ಮಗುವನ್ನು ಅವಳ ಅಣ್ಣ ಮುಂಡಾಜೆಗೆ ಕರಕೊಂಡು ಹೋದ. ಈಗ ಅಲ್ಲಿಯೇ ಟೀಚರ್ ಅಂತೆ."

ಶಿಬಿರದ ಫೋಟೋದಲ್ಲಿದ್ದವಳು ಮಗಳೆಂದು ತಿಳಿದು ನನಗೆ ಹಗುರವಾಯಿತು. ಮುಂಡಾಜೆಗೆ ಹೊರಟು ಬೆಳ್ತಂಗಡಿಯ ಬಸ್ಸಿನಲ್ಲಿ ಕುಳಿತ ಮೇಲಷ್ಟೇ ಎರಡನೆಯ ಫೋಟೋ ನೆನಪಾದದ್ದು. ಆಗ ಮಗಳು ಇನ್ನೂ ಚಿಕ್ಕ ಹುಡುಗಿ. ಕೈಯಲ್ಲಿದ್ದ ಫೋಟೋಗಳ ಲಕೋಟೆಯನ್ನು ಮತ್ತೆ ತೆರೆಯಲು ಧೈರ್ಯ ಬರಲಿಲ್ಲ.

ಮುಂಡಾಜೆಯಲ್ಲಿ ಟೀಚರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಈಗ ಕೂದಲು ನರೆತಿತ್ತು, ಆದರೆ ತಲೆ ಅದೇ ರೀತಿ ವಾಲುತ್ತಿತ್ತು. ತಾಯಿಯ ಒಂದು ಫೋಟೋವನ್ನೂ ಅವರು ಕಂಡಿರಲಿಲ್ಲ. ಕಿಟಕಿಯ ಚಿತ್ರ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮತ್ತೆ ಗ್ರಂಥಾಲಯದ ಚಿತ್ರ ಕೈಗೆತ್ತಿಕೊಂಡರು.

"ಇದು ನಾನಲ್ಲ" ಎಂದರು.

ಬೇರೆ ಯಾರೋ ಇರಬಹುದು, ಯಂತ್ರಕ್ಕೆ ತಪ್ಪುವುದುಂಟು ಎಂದು ನಾನೂ ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಕೊಡಪಾನ ಹಿಡಿದ ಕೈಯನ್ನು ನೋಡಿದರು, ತಮ್ಮ ಕೈಯನ್ನು ನೋಡಿಕೊಂಡರು. ಒಳಗೆ ಕುಕ್ಕರ್ ಕೂಗಿ ಕೂಗಿ ನಿಂತಿತು.

"ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಆಗಲೂ ಬಸ್ಸು ಇತ್ತಲ್ಲ ಮೇಡಂ, ಬರಬಹುದಿತ್ತಲ್ಲ" ಎಂದರು ಕೊನೆಗೆ.

ಹೊರಡುವಾಗ, ಉಳಿದ ಆಲ್ಬಮ್‌ಗಳನ್ನೂ ಆ ಖಾತೆಗೆ ಹಾಕಿದರೆ ಯಂತ್ರ ಇನ್ನಷ್ಟು ಹುಡುಕಿಕೊಟ್ಟೀತು, ಹಾಕಲೇ ಎಂದು ಕೇಳಿದೆ. "ಬೇಡ. ಅದು ಹುಡುಕುವುದು ಬೇಡ" ಎಂದರು.

ನಾವು ಮುಖ ಗುರುತಿಸದ ಇನ್ನೊಂದು ಸ್ಟೋರೇಜನ್ನೇ ಆರಿಸಿಕೊಂಡೆವು. ವರದಿಯಲ್ಲಿ ಖಾಸಗಿತನದ ಕಾರಣ ಎಂದು ಬರೆದೆವು. ಕಂಪ್ಯೂಟರ್ ಅಧ್ಯಾಪಕರು ಮೊದಲ ಖಾತೆಯನ್ನು ಅಳಿಸುವಾಗ ಆ ವೃತ್ತಗಳು ಒಟ್ಟಿಗೇ ಮಾಯವಾದವು. ಆದರೆ ಉಳಿದ ಆಲ್ಬಮ್‌ಗಳನ್ನು ಸ್ಕ್ಯಾನ್ ಮಾಡುವಾಗ ನನ್ನ ಕಣ್ಣು ಜನರ ಮೇಲೆ ನಿಲ್ಲುತ್ತಿರಲಿಲ್ಲ. ಅಂಚಿಗೆ, ಬಾಗಿಲ ಮರೆಗೆ ಓಡುತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಟೀಚರು ಹೇಳದೆ ಕೇಳದೆ ನಮ್ಮ ವಿಭಾಗಕ್ಕೆ ಬಂದರು. ಆಲ್ಬಮ್‌ಗಳನ್ನು ತಾವೇ ನೋಡುವುದಾಗಿ ಹೇಳಿ, ಒಂದೊಂದೇ ಹಾಳೆ ಮಗುಚುತ್ತ ಕುಳಿತರು. ಒಂದು ಹಾಳೆಯ ಮುಂದೆ ಬಹಳ ಹೊತ್ತು ಬೆರಳಿಟ್ಟುಕೊಂಡಿದ್ದರು. ನಾನು ಹತ್ತಿರ ಹೋದೆ. ಅವರು ಮೆಲ್ಲಗೆ ಆಲ್ಬಮ್ ಮುಚ್ಚಿದರು.

ಅಮ್ಮ ಸಿಕ್ಕಿದರೇ ಎಂದು ಕೇಳಿದೆ.

"ಬೆಳ್ತಂಗಡಿ ಬಸ್ಸಿಗೆ ಹೊತ್ತಾಯಿತು, ಬರ್ತೇನೆ" ಎಂದು ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದು ಹೋದರು.