ಅಪ್ಪ ಅಳತೆ ಹಿಡಿದ ಡ್ರಾಯರು

ಗುಂಡ್ಲುಪೇಟೆಯ ಸುತ್ತಿನ ಹಳ್ಳಿಗಳಲ್ಲಿ ದನಕರುಗಳಿಗೆ ಚಿಕಿತ್ಸೆ ಮಾಡುತ್ತಾ ನಾನು ತಿರುಗಾಡಲು ಶುರುಮಾಡಿ ಹನ್ನೊಂದು ವರ್ಷವಾಯಿತು. ಸರ್ಕಾರಿ ಕೆಲಸಕ್ಕೆ ಕಾದೆ, ಸಿಗಲಿಲ್ಲ, ಸ್ವಂತವಾಗಿ ಶುರುಮಾಡಿದೆ. ಮೊದಲೆಲ್ಲ ಸ್ಕೂಟರಿನಲ್ಲಿ ಹೋಗುತ್ತಿದ್ದೆ. ಕಾಡಂಚಿನ ಊರುಗಳ ಕೆಸರಿನಲ್ಲಿ ಎರಡು ಸಲ ಬಿದ್ದು, ಎರಡನೆಯ ಸಲ ಮೊಣಕೈ ಮುರಿದುಕೊಂಡ ಮೇಲೆ, ನಾಲ್ಕು ಚಕ್ರಕ್ಕೂ ಎಳೆತ ಇರುವ ಒಂದು ಹಳೆಯ ಜೀಪು ಕೊಂಡೆ.

ಜೀಪು ಬಂದದ್ದು ನನ್ನ ಅದೃಷ್ಟ, ಆದರೆ ಅದರ ಹಿಂಬದಿ ನೋಡಲಾಗುತ್ತಿರಲಿಲ್ಲ. ತರಕಾರಿ ಮಂಡಿಯಿಂದ ತಂದ ನಾಲ್ಕು ಪ್ಲಾಸ್ಟಿಕ್ ಕ್ರೇಟು, ಒಂದು ಹಳೆಯ ಟ್ರಂಕು, ಲಸಿಕೆ ಇಡುವ ಐಸ್ ಡಬ್ಬ, ಹಗ್ಗದ ಸುರುಳಿ, ಗಮ್ ಬೂಟು. ಬೆಳಿಗ್ಗೆ ಎಲ್ಲ ಜೋಡಿಸಿಕೊಂಡು ಹೊರಟರೆ ಮೊದಲನೆಯ ಹಳ್ಳ ದಾಟುವಷ್ಟರಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತಿತ್ತು. ಹುಡುಕುವುದೂ ನನ್ನ ಕೆಲಸದ ಒಂದು ಭಾಗ ಅಂದುಕೊಂಡುಬಿಟ್ಟಿದ್ದೆ.

ಅದು ಹಾಗಲ್ಲ ಅಂತ ಗೊತ್ತಾದದ್ದು ಒಂದು ಮಧ್ಯಾಹ್ನ. ಕಾಡಿಗೆ ತಾಗಿದ ಒಂದು ಸಣ್ಣ ಊರಿನಿಂದ ಫೋನು ಬಂತು. ಕೂಲಿ ಮಾಡುವ ಹೆಂಗಸೊಬ್ಬಳ ಹಸು, ಹಿಂದಿನ ದಿನ ಕರು ಹಾಕಿತ್ತು. ನಾನು ಹೋಗುವಾಗ ಹಸು ನೆಲಕ್ಕೆ ಕೂತು ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡಿತ್ತು. ಮೈಯಲ್ಲಿನ ಸುಣ್ಣದ ಅಂಶವೆಲ್ಲ ಹಾಲಿಗೆ ಇಳಿದು ಬರುವ ಕಾಯಿಲೆ ಅದು. ಕತ್ತಿನ ನರಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಎದ್ದು ನಿಲ್ಲುತ್ತದೆ, ತಡವಾದರೆ ಇಲ್ಲ. ಓಡಿಹೋಗಿ ಜೀಪಿನ ಹಿಂಬಾಗಿಲು ತೆಗೆದೆ. ಒಂದು ಬಾಟಲಿ ಒಡೆದು ಕ್ರೇಟಿನ ತಳವೆಲ್ಲ ಅಂಟಂಟಾಗಿತ್ತು. ಇನ್ನೊಂದು ಕಾಣಲಿಲ್ಲ. ಬೂಟು ಎಸೆದೆ, ಹಗ್ಗ ಎಸೆದೆ, ಟ್ರಂಕು ಬಗ್ಗಿಸಿ ನೆಲಕ್ಕೆ ಸುರಿದೆ. ಬಾಟಲಿ ಮುಂದಿನ ಸೀಟಿನ ಅಡಿಗೆ ಉರುಳಿಹೋಗಿತ್ತು. ಅದು ಸಿಕ್ಕಾಗ ಸೂಜಿ ಕಾಣಲಿಲ್ಲ.

ಹಸು ಬದುಕಿತು. ಅರ್ಧ ಬಾಟಲಿ ಇಳಿದಾಗ ಮೈ ನಡುಗಿಸಿತು, ತೇಗಿತು, ಆಮೇಲೆ ಹಿಂಗಾಲು ಊರಿ ಎದ್ದಿತು. ನಾನು ಕೈ ತೊಳೆಯುತ್ತಿದ್ದಾಗ ಆ ಹೆಂಗಸು ನೀರು ಹಾಕುತ್ತಾ ಮೆಲ್ಲಗೆ ಹೇಳಿದಳು: "ನೀವು ಅಲ್ಲಿ ಉಡುಕ್ತಾ ಇದ್ರಿ ಡಾಕ್ಟ್ರಮ್ಮ. ನಾನು ಇದ್ರ ಕಿವಿ ಇಡ್ಕಂಡು ಕೂತಿದ್ದೆ. ಒಸಿ ಒಸಿಯಾಗಿ ತಣ್ಣಗಾಗ್ತಿತ್ತು."

ಅವಳು ದೂರಲಿಲ್ಲ. ನಡೆದದ್ದನ್ನು ಹೇಳಿದಳು ಅಷ್ಟೆ. ವಾಪಸು ಬರುವಾಗ ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿತ್ತು.

ಆ ವಾರವೇ ಮೈಸೂರಿಗೆ ಹೋದೆ. ಕಾಡುಮೇಡು ಸುತ್ತುವವರ ಗಾಡಿಗಳಿಗೆ ಬೇಕಾದ ಸಾಮಾನು ಮಾರುವ ಒಂದು ಅಂಗಡಿ ಅಲ್ಲಿತ್ತು. ಹಿಂಬದಿಗೆ ಕೂರಿಸುವ ಡ್ರಾಯರುಗಳನ್ನು ಸಾಲಾಗಿ ಇಟ್ಟಿದ್ದರು. ಉಕ್ಕಿನವು, ಅಲ್ಯುಮಿನಿಯಮ್ಮಿನವು, ಮೇಲೆ ಕಾರ್ಪೆಟ್ಟು ಹೊದಿಸಿದವು. ಅಂಗಡಿಯವರು ಒಂದನ್ನು ಎಳೆದು ತೋರಿಸಿದರು. ಬೆರಳು ತಾಗಿಸಿದರೆ ಸಾಕು, ಬೆಣ್ಣೆಯ ಹಾಗೆ ಜಾರಿ ಬಂತು. ಇದರಲ್ಲಿ ಸ್ಟವ್ ಕೂರುತ್ತದೆ, ಇದರಲ್ಲಿ ತಟ್ಟೆ ಲೋಟ, ಇದರ ಮೇಲೆ ಫ್ರಿಡ್ಜು ಎಂದರು.

"ಟ್ರಿಪ್ ಎಲ್ಲಿಗೆ ಹೋಗ್ತೀರ ಮೇಡಂ? ಲಡಾಖ್?"

"ಚಂದಕವಾಡಿ ಕಡೆಗೆ ಹೋಗ್ತೀನಿ. ಬೇಗೂರು ಕಡೆಗೂ."

ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನಾನು ನನ್ನ ಕೆಲಸ ಹೇಳಿದ ಮೇಲೆ ಆಸಕ್ತಿಯಿಂದಲೇ ಕೂರಿಸಿಕೊಂಡು ವಿವರಿಸಿದರು. ಉಕ್ಕಿನದು ಗಟ್ಟಿ, ಆದರೆ ಇಬ್ಬರು ಎತ್ತುವಷ್ಟು ಭಾರ. ಅಲ್ಯುಮಿನಿಯಮ್ ಹಗುರ, ಬೆಲೆ ಜಾಸ್ತಿ. ಚಿತ್ರಗಳಿದ್ದ ಒಂದು ಪುಸ್ತಕ ಕೊಟ್ಟರು. ಯೋಚನೆ ಮಾಡಿ ಹೇಳುತ್ತೇನೆಂದು ಅದನ್ನು ಮನೆಗೆ ತಂದು ಊಟದ ಮನೆಯ ಕಿಟಕಿಯ ಮೇಲೆ ಇಟ್ಟೆ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಅಪ್ಪ ಲಾರಿಗೆ ಬಾಡಿ ಕಟ್ಟುವ ಬಡಗಿ. ಹೆದ್ದಾರಿ ಪಕ್ಕದ ಶೆಡ್ಡೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವರು. ಈರುಳ್ಳಿ, ಕೋಸು, ಟೊಮೆಟೊ ತುಂಬಿಕೊಂಡು ಕೇರಳಕ್ಕೆ ಇಳಿಯುವ ಲಾರಿಗಳಲ್ಲಿ ಯಾವುದು ತಮ್ಮದು ಅಂತ ಹಿಂದಿನಿಂದ ಸದ್ದು ಕೇಳಿಯೇ ಹೇಳುತ್ತಿದ್ದರು. ಐದು ವರ್ಷದ ಹಿಂದೆ ಅವರ ಬಲಗೈ ನಡುಗಲು ಶುರುವಾಯಿತು. ಆಮೇಲೆ ಎಡಗೈಯೂ. ಒಂದು ದಿನ ಉಳಿ, ಗರಗಸ, ಸುತ್ತಿಗೆಯನ್ನೆಲ್ಲ ಗೋಣಿಚೀಲದಲ್ಲಿ ಕಟ್ಟಿಕೊಂಡು ಮನೆಗೆ ಬಂದರು. ಇನ್ನು ಸಾಕು ಅಂದರು. ಅವ್ವ ಅವರಿಗೆ ಕಾಫಿಯನ್ನು ಅರ್ಧ ಲೋಟ ಮಾತ್ರ ಕೊಡುತ್ತಾ, ಮುಗಿದ ಮೇಲೆ ಇನ್ನರ್ಧ ಕೊಡುತ್ತಾ ಬಂದಳು. 

ನಾನು ಡ್ರಾಯರಿನ ವಿಷಯವನ್ನು ಅಪ್ಪನ ಮುಂದೆ ಎತ್ತಿರಲಿಲ್ಲ. ಕೈಲಾಗದ ಕೆಲಸವನ್ನು ನೆನಪಿಸಿ ನೋಯಿಸುವುದೇಕೆ ಅನ್ನುವುದು ನನ್ನ ಲೆಕ್ಕ.

ಎರಡು ದಿನ ಬಿಟ್ಟು ಅವ್ವ ಅಡುಗೆಮನೆಯಲ್ಲಿ ನನ್ನ ಪಕ್ಕಕ್ಕೆ ಬಂದಳು. "ನಿಮ್ಮಪ್ಪ ಮಾತೇ ಬುಟ್ಬುಟ್ಟವ್ರೆ ಕಣಮ್ಮಿ. ಆ ಬುಕ್ಕು ನೋಡ್ದಾಗಿಂದ."

ಹೊರಗೆ ಬಂದು ನೋಡಿದರೆ ಅಪ್ಪ ಜೀಪಿನ ಹಿಂಬದಿಯಲ್ಲಿ ಮೊಣಕಾಲೂರಿ ಕೂತಿದ್ದರು. ಕೈಯಲ್ಲಿ ಅಳತೆ ಟೇಪು. ಟೇಪಿನ ತುದಿ ತಗಡಿಗೆ ಬಡಿದು ಟಕಟಕ ಅನ್ನುತ್ತಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೀಟುಗಳು ಸೊಟ್ಟಗಿದ್ದವು, ಆದರೆ ಪಕ್ಕದಲ್ಲಿ ಬರೆದಿದ್ದ ಅಳತೆ, ನಾನು ಆಮೇಲೆ ನೋಡಿದೆ, ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ನನ್ನನ್ನು ನೋಡಿ ಅಪ್ಪ ಟೇಪು ಸುತ್ತಿದರು.

"ನನ್ನ ಯಾಕಮ್ಮಿ ಕೇಳ್ನಿಲ್ಲ?"

"ಕೈಗೆ ತೊಂದ್ರೆ ಆಯ್ತದೆ ಅಂತ ಅಪ್ಪ."

"ಕೈಗೆ ಬಂದಿರದು ಕಾಯ್ಲೆ. ಕಲ್ತದ್ದು ಎಲ್ಲೋಯ್ತದೆ?"

ಅಪ್ಪ ಜೀಪಿನಿಂದ ಇಳಿಯುತ್ತಾ, "ನಾಳೆ ನಿನ್ ಜೊತೆ ಬತ್ತೀನಿ. ನೀನು ಎಂಗೆ ಕೆಲ್ಸ ಮಾಡ್ತೀಯ ನೋಡ್ಬೇಕು. ಅದ ನೋಡ್ದೆ ಡ್ರಾಯರು ಎಂಗೆ ಕಟ್ಟದು?" ಅಂದರು.

ಮರುದಿನ ಅಪ್ಪ ಮುಂದಿನ ಸೀಟಿನಲ್ಲಿ ಕೂತು ಬಂದರು. ಐದು ಕಡೆ ನಿಲ್ಲಿಸಿದೆ. ಒಂದು ಎಮ್ಮೆಯ ಕೆಚ್ಚಲು ಬಾವು, ಎರಡು ಕಡೆ ಲಸಿಕೆ, ಕೊಂಬು ಮುರಿದ ಒಂದು ಹೋರಿ, ಹೊಟ್ಟೆ ಉಬ್ಬರಿಸಿದ ಒಂದು ಮೇಕೆ. ಅಪ್ಪ ಪ್ರತಿ ಸಲವೂ ಇಳಿದು ಬಂದು, ಜೀಪಿನ ಹಿಂದೆ ನಿಂತು ನೋಡಿದರು. ಸಂಜೆ ಮನೆಗೆ ಬಂದು ಕಾಲು ತೊಳೆದು ಕೂತ ಮೇಲೆ ಹೇಳಿದರು. ನಾನು ಒಂದು ಸಲವೂ ಎರಡು ಕೈಯಲ್ಲಿ ಹಿಂಬಾಗಿಲು ತೆಗೆಯಲಿಲ್ಲವಂತೆ, ಒಂದು ಕೈಯಲ್ಲಿ ಯಾವಾಗಲೂ ಹಗ್ಗವೋ ಬಾಟಲಿಯೋ ಇತ್ತಂತೆ. ಇನ್ನೊಂದು ಕೈಯಲ್ಲಿ ಗ್ಲೌಸು, ಅದೂ ಜಿಡ್ಡು. ಹೆಚ್ಚಿನ ಕಡೆ ಜೀಪಿನ ಹಿಂದೆ ಬೇಲಿಯೋ ಗೋಡೆಯೋ ಇತ್ತು, ನಾಲ್ಕಡಿಯ ಡ್ರಾಯರು ಎಳೆದರೆ ಅದು ಬೇಲಿಗೆ ಹೊಡೆಯುತ್ತದೆ, ನನಗೆ ನಿಲ್ಲಲು ಜಾಗ ಇರುವುದಿಲ್ಲ.

"ಆ ಬುಕ್ಕಿನಲ್ಲಿರದು ಒಳ್ಳೆ ಮಾಲು ಕಣಮ್ಮಿ. ಬಯಲಲ್ಲಿ ಗಾಡಿ ನಿಲ್ಸಿ ಅನ್ನ ಬೇಯ್ಸ್ಕಳೋರ್ಗೆ ಸರಿ. ನಿನ್ಗಲ್ಲ."

ಆಮೇಲೆ ನಾವಿಬ್ಬರೂ ವಾದ ಮಾಡಿದೆವು. ಅಪ್ಪನಿಗೆ ತೇಗದ ಮರ ಬೇಕು, ನನಗೆ ಭಾರ ಬೇಡ. ಕೊನೆಗೆ ನೀರಿಗೆ ತಾಳುವ ಪ್ಲೈವುಡ್ಡು, ಅಂಚಿಗೆ ಅಲ್ಯುಮಿನಿಯಮ್ ಪಟ್ಟಿ ಅಂತ ಒಪ್ಪಿದೆವು. ಅಂಗಡಿಯ ಡ್ರಾಯರನ್ನು ಬೆಣ್ಣೆಯ ಹಾಗೆ ಜಾರಿಸುತ್ತಿದ್ದ, ಒಳಗೆ ಉಕ್ಕಿನ ಗುಂಡು ಉರುಳುವ ಚಾನೆಲ್ಲು ನನಗೆ ಬೇಕೇಬೇಕು ಅಂದೆ. ಅಪ್ಪ ಒಂದು ಹಿಡಿ ಕೆಂಪು ಮಣ್ಣು ತಂದು ನನ್ನ ಮುಂದೆ ಹಿಡಿದರು. ಒಂದು ಬೇಸಿಗೆಯ ಧೂಳು ಅದರೊಳಗೆ ಹೋದರೆ ಗುಂಡುಗಳು ಅಲ್ಲೇ ಕಚ್ಚಿಕೊಳ್ಳುತ್ತವೆ ಎಂದರು. ಅದರ ಬದಲು ಗಟ್ಟಿ ಮರದ ಜಾಡು, ಅದರ ಮೇಲೆ ನೈಲಾನ್ ಪಟ್ಟಿ, ವಾರಕ್ಕೊಮ್ಮೆ ಮೇಣ. ಲಾರಿಯ ಹಿಂಬಾಗಿಲಿಗೆ ಹೀಗೇ ಮಾಡುತ್ತಿದ್ದರಂತೆ. ಅಂಗಡಿಯವುಗಳ ಹಾಗೆ ಉದ್ದದ ಎರಡರ ಬದಲು ಗಿಡ್ಡನೆಯ ಮೂರು ಡ್ರಾಯರು ಅಂತಲೂ, ಅವುಗಳ ಹಿಂದೆ ಉಳಿಯುವ ಜಾಗಕ್ಕೆ ಮೇಲಿನಿಂದ ತೆಗೆಯುವ ಮುಚ್ಚಳ ಅಂತಲೂ ತೀರ್ಮಾನವಾಯಿತು. ಹಿಡಿಗೆ ಕಬ್ಬಿಣ ಬೇಡ, ಜಿಡ್ಡಿನ ಕೈ ತೂರುವಷ್ಟು ದೊಡ್ಡ ಹಗ್ಗದ ಕುಣಿಕೆ.

"ಯಾರು ಕೊಯ್ಯೋರು?" ಅಂದೆ.

"ನೀನೇ. ದನದ ಒಟ್ಟೆ ಕೊಯ್ದು ಒಲೀತೀಯಲ್ಲ, ಇದೇನು ಮಹಾ?"

ಹೀಗೆ ಗೋಣಿಚೀಲ ಬಿಚ್ಚಿಕೊಂಡಿತು. ಹಿತ್ತಲಿನ ಹುಣಸೆಮರದ ಕೆಳಗೆ ಹದಿನೈದು ದಿನ, ನಾನು ಹಳ್ಳಿಯಿಂದ ಬಂದ ಮೇಲೆ ಬೆಳಕಿರುವಷ್ಟು ಹೊತ್ತು. ಅಪ್ಪ ಸ್ಟೂಲಿನ ಮೇಲೆ ಕೂತು ಹೇಳುವುದು, ನಾನು ಮಾಡುವುದು. ಗರಗಸ ಹಿಡಿದ ಮೊದಲ ದಿನ ನಾನು ಗೀಟಿನ ಮೇಲೇ ಕೊಯ್ಯುತ್ತಿದ್ದೆ. "ಗೀಟು ಉಳೀಬೇಕಮ್ಮಿ. ಪಕ್ಕದಲ್ಲಿ ಓಗು. ಗೀಟು ತಿಂದ್ಬುಟ್ರೆ ಅಲ್ಗೆ ಗಿಡ್ಡ ಆಯ್ತದೆ." ಎರಡನೆಯ ದಿನ ಒಂದು ಹಲಗೆ ನಿಜವಾಗಿಯೂ ಗಿಡ್ಡವಾಯಿತು. ಒಳ್ಳೆಯ ಹಲಗೆ ಹಾಳಾಯಿತೆಂದು ನನಗೆ ಅಳುವೇ ಬಂತು. ಅಪ್ಪ ನಕ್ಕುಬಿಟ್ಟರು. ಅವರು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು. ಅವ್ವ ಒಳಗಿನಿಂದ ಓಡಿಬಂದು ಏನಾಯಿತು ಅಂದಳು.

ಆ ಸಂಜೆಯೇ, ಹಾಳಾದ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಪ್ಪ ನನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದರು. ಕೆಲಸ ಬಿಟ್ಟ ದಿನದ್ದು. ಒಂದು ಲಾರಿಯ ಪಕ್ಕದ ಹಲಗೆಗೆ ಬೆಳಿಗ್ಗೆಯಿಂದ ಮೊಳೆ ಹೊಡೆದಿದ್ದರು. ಊಟಕ್ಕೆ ಹೊರಟವರು ಕನ್ನಡಕ ಮರೆತು ವಾಪಸು ಹೋದಾಗ, ಜೊತೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ಗೆಳೆಯ ಆ ಮೊಳೆಗಳನ್ನು ಒಂದೊಂದಾಗಿ ಕಿತ್ತು ಮತ್ತೆ ನೆಟ್ಟಗೆ ಹೊಡೆಯುತ್ತಿದ್ದರು. ಸದ್ದಾಗದ ಹಾಗೆ, ತಲೆಗೆ ಬಟ್ಟೆ ಸುತ್ತಿದ ಸುತ್ತಿಗೆಯಲ್ಲಿ.

"ಎಷ್ಟು ದಿನದಿಂದ ಅಂಗೆ ಮಾಡ್ತಿದ್ನೋ. ಪಾಪ, ಊಟ ಬುಟ್ಟು ಮಾಡ್ತಿದ್ದ. ನನ್ಗೆ ಗೊತ್ತಾಗ್ಬಾರ್ದು ಅಂತ."

"ಕೋಪ ಬರ್ಲಿಲ್ವಾ ಅಪ್ಪ?"

"ಕೋಪ ಯಾಕೆ? ಅವ್ನಿಗೆ ನನ್ಮೇಲೆ ಪ್ರೀತಿ. ಆದ್ರೆ ಒಂದ್ಸಲ ನನ್ನ ಕೇಳ್ಬೋದಿತ್ತು. ಇಬ್ರೂ ಸೇರಿ ಏನಾದ್ರೂ ಮಾಡ್ತಿದ್ವಿ."

ನಾನು ತಲೆ ತಗ್ಗಿಸಿ ಮರದ ಪುಡಿ ಗುಡಿಸಿದೆ. ಮೈಸೂರಿನಿಂದ ಆ ಪುಸ್ತಕ ತಂದಾಗ ನಾನು ಮಾಡಿದ್ದೂ ಅದನ್ನೇ. ನಾನು "ತಪ್ಪಾಯ್ತು" ಅಂದಾಗ, "ಸುಮ್ನಿರು, ಆ ಉಳಿ ಕೊಡಿಲ್ಲಿ, ಮೊನೆ ನೋಡನ" ಅಂದರು.

ಡ್ರಾಯರುಗಳು ಮುಗಿದವು. ಎಡಗಡೆಯದು ಕ್ಯಾಲ್ಸಿಯಂ, ಗ್ಲೂಕೋಸು, ಸೂಜಿ ಟ್ಯೂಬುಗಳಿಗೆ. ಒಂದೊಂದು ಬಾಟಲಿಗೂ ಒಂದೊಂದು ಗೂಡು, ಗೂಡಿನೊಳಗೆ ಹಳೆಯ ಲಾರಿ ಟ್ಯೂಬಿನ ರಬ್ಬರು. ನಡುವಿನದು ಚುಚ್ಚುಮದ್ದು, ಗಾಯದ ಔಷಧಿ. ಬಲಗಡೆಯದು ಹೆರಿಗೆಯ ಹಗ್ಗ, ಸರಪಳಿ, ಗ್ಲೌಸು. ಜೋಡಣೆ ನೋಡಿದರೆ ಲಾರಿ ಬಾಡಿಯ ಹಾಗೆಯೇ ಒರಟು. ಅಪ್ಪ ಬೇಡವೆಂದರೂ ಅಂಚಿಗೆ ಹಸಿರು ಬಣ್ಣ ಬಳಿದದ್ದು ಅವ್ವ.

ಎಲ್ಲವೂ ಸರಿಯಾಗಿತ್ತು ಅಂತ ಹೇಳಲಾರೆ. ಮೊದಲ ಮಳೆಗೆ ಮರದ ಜಾಡು ಉಬ್ಬಿ ನಡುವಿನ ಡ್ರಾಯರು ಕಚ್ಚಿಕೊಂಡು ಕೂತುಬಿಟ್ಟಿತು. ಚಂದಕವಾಡಿಯ ಹತ್ತಿರ ಒಂದು ಕೊಟ್ಟಿಗೆಯ ಮುಂದೆ ನಾನು ಕಾಲು ಕೊಟ್ಟು ಎಳೆದರೂ ಬರಲಿಲ್ಲ. ಅದೃಷ್ಟಕ್ಕೆ ಅಲ್ಲಿ ಬೇಕಿದ್ದದ್ದು ಬಲಗಡೆಯದು. ಕಡಸೊಂದು ಮೊದಲ ಕರು ಹಾಕಲಾರದೆ ಒದ್ದಾಡುತ್ತಿತ್ತು, ಕರುವಿನ ಒಂದು ಕಾಲು ಹಿಂದಕ್ಕೆ ಮಡಚಿಕೊಂಡಿತ್ತು. ನನ್ನ ಒಂದು ತೋಳು ಕಡಸಿನೊಳಗಿತ್ತು. ಆ ದಿನ ಜೊತೆಗೆ ಬಂದಿದ್ದ ಅಪ್ಪ ಕುಣಿಕೆಗೆ ಮುಂಗೈ ತೂರಿಸಿ ಡ್ರಾಯರು ಎಳೆದು, ಹಗ್ಗ ತೆಗೆದು ನನ್ನ ಇನ್ನೊಂದು ಕೈಗೆ ಕೊಟ್ಟರು. ಅವರ ಕೈ ನಡುಗುತ್ತಿತ್ತು, ಹಗ್ಗ ನನ್ನ ಕೈಗೆ ಬಂತು. ಕರು ನೆಲಕ್ಕೆ ಬಿದ್ದು ಸೀನಿತು. ಮನೆಯ ಯಜಮಾನರು ಅಪ್ಪನನ್ನು ಹಳೆಯ ಕಾಂಪೌಂಡರು ಅಂದುಕೊಂಡು, "ನೀವು ಬೋ ಕಾಲದಿಂದ ಇದೇ ಕೆಲ್ಸದಲ್ಲಿದ್ದೀರಾ?" ಅಂತ ಕೇಳಿದರು. "ಈಗ ಒಸಿ ದಿನದಿಂದ," ಅಂದರು ಅಪ್ಪ.

ಉಬ್ಬಿದ ಜಾಡಿನ ಪಕ್ಕವನ್ನು ಮಾರನೆಯ ದಿನ ಉಜ್ಜುಗೊರಡಿನಲ್ಲಿ ಕೀಸಿ ಸರಿ ಮಾಡಿದೆವು. ನಡುಕಕ್ಕೆ ಮೈಸೂರಿನ ವೈದ್ಯರ ಮಾತ್ರೆ ನಡೆಯುತ್ತಿದೆ. ಕೆಲವು ದಿನ ಪರವಾಗಿಲ್ಲ, ಕೆಲವು ದಿನ ಗುಂಡಿ ಹಾಕಿಕೊಳ್ಳುವುದೂ ಕಷ್ಟ. ವಾರದಲ್ಲಿ ಎರಡು ದಿನ ನನ್ನ ಜೊತೆ ಬರುತ್ತಾರೆ. ಹಳ್ಳಿಗಳಲ್ಲಿ ನಾನು ದನ ನೋಡುತ್ತಿದ್ದರೆ ಜನ ಅಪ್ಪನಿಗೆ ಕುರ್ಚಿ ಹಾಕಿ ಡ್ರಾಯರು ಎಳೆದು ನೋಡುತ್ತಾರೆ.

ಹೋದ ತಿಂಗಳು ಬೇಗೂರಿನ ಪಶುವೈದ್ಯರೊಬ್ಬರು ತಮ್ಮ ಗಾಡಿಗೂ ಇಂಥದ್ದೇ ಬೇಕೆಂದು ಕೇಳಿಕೊಂಡು ಬಂದರು. ಅಪ್ಪ ಮೊದಲು ಅವರ ಹಿಂದೆ ಒಂದು ದಿನ ಸುತ್ತಿದರು. ಆಮೇಲೆ ಸೀಮೆಸುಣ್ಣ ಹಿಡಿದರು. ಅವರ ಗಾಡಿ ಉದ್ದ, ಅವರು ಎಡಗೈ ಬಳಸುವವರು, ಆದ್ದರಿಂದ ಇದು ಬೇರೆಯೇ ಥರ ಅಂತ ರಾತ್ರಿ ಊಟ ಮಾಡುತ್ತಾ ವಿವರಿಸಿದರು. ಕೊಯ್ಯುವುದಕ್ಕೆ ಬೇಗೂರಿನ ಇಬ್ಬರು ಬಡಗಿಗಳು.

ನಿನ್ನೆ ಮಧ್ಯಾಹ್ನ ಅಪ್ಪ ಅಲ್ಲಿಂದ ಫೋನು ಮಾಡಿದ್ದರು. ಹಿಂದೆ ಗರಗಸದ ಸದ್ದು ಕೇಳುತ್ತಿತ್ತು. "ನಿಮ್ಮವ್ವಂಗೆ ಯೋಳು, ಊಟಕ್ಕೆ ಕಾಯ್ಬ್ಯಾಡ ಅಂತ. ಇಲ್ಲಿ ಇನ್ನೂ ಕೆಲ್ಸ ಅದೆ," ಎಂದರು. ಮಾತು ಮುಗಿಯುವ ಮೊದಲೇ ಆ ಕಡೆ ತಿರುಗಿ ಯಾರಿಗೋ, "ಗೀಟು ಬುಟ್ಟು ಕೊಯ್ಯಪ್ಪ," ಅಂತ ಗದರಿ ಫೋನು ಇಟ್ಟರು.

ಅವ್ವನಿಗೆ ಹೇಳಿದೆ. ಅವಳು ಮುದ್ದೆಯ ಪಾತ್ರೆಗೆ ತಟ್ಟೆ ಮುಚ್ಚಿ, ಸೆರಗಿನಲ್ಲಿ ಕೈ ಒರೆಸಿಕೊಂಡು, "ಕೆಲ್ಸಕ್ಕೋದವ್ರು ಬಂದಾಗ ಬತ್ತಾರೆ ಬುಡು," ಎಂದು ಕಾಯುತ್ತಾ ಜಗಲಿಯ ಮೇಲೆ ಕೂತಳು.